ಓಡದಿದ್ದರೂ ಸವೆಯುವ ಬೈಕು: ಹಳೆಯ ಟೂರಿಂಗ್ ಮೋಟಾರ್‌ಸೈಕಲ್‌ನ ಆರೈಕೆ ಮತ್ತು ಮಾರ್ಪಾಡು

ಇಪ್ಪತ್ತೈದು ವರ್ಷ ಹಳೆಯದಾದರೂ ಓಡೋಮೀಟರಿನಲ್ಲಿ ಮೂವತ್ತು ಸಾವಿರ ಕಿಲೋಮೀಟರ್ ಮಾತ್ರ ತೋರಿಸುವ ಟೂರಿಂಗ್ ಬೈಕೊಂದು ಮಾರಾಟಕ್ಕೆ ಬಂದಿದೆ ಎಂದುಕೊಳ್ಳೋಣ. ಬಣ್ಣ ಮಾಸಿಲ್ಲ, ಸೀಟು ಹರಿದಿಲ್ಲ, ಸೆಲ್ಫ್ ಒತ್ತಿದೊಡನೆ ಎಂಜಿನ್ ಸ್ಟಾರ್ಟ್ ಆಗುತ್ತದೆ. ಹೊಸ ಗಾಡಿಯ ಬೆಲೆಯಲ್ಲಿ ಒಂದು ಸಣ್ಣ ಪಾಲು ಕೊಟ್ಟರೆ ಕೈಗೆ ಬರುವ ಇಂಥ ಬೈಕನ್ನು ಮೊದಲ ಸಲ ಕೊಂಡವರು ಸಾಮಾನ್ಯವಾಗಿ ಮೊದಲ ವಾರದಲ್ಲೇ ಪಟ್ಟಿಯೊಂದನ್ನು ಬರೆಯುತ್ತಾರೆ: ಪಕ್ಕದ ಪೆಟ್ಟಿಗೆಗಳು, ಹೆಚ್ಚುವರಿ ದೀಪಗಳು, ಎತ್ತರದ ವಿಂಡ್‌ಶೀಲ್ಡ್, ಮೊಬೈಲ್ ಚಾರ್ಜ್ ಮಾಡಲು ಒಂದು ಸಾಕೆಟ್. ಆ ಪಟ್ಟಿಯಲ್ಲಿ ಬ್ರೇಕ್ ದ್ರವ ಇರುವುದಿಲ್ಲ, ಸ್ಟೀರಿಂಗ್ ಬೇರಿಂಗ್ ಇರುವುದಿಲ್ಲ, ವಿದ್ಯುತ್ ಹುಟ್ಟಿಸುವ ಆಲ್ಟರ್ನೇಟರಿನಿಂದ ಹೊರಡುವ ತಂತಿಗಳ ಕನೆಕ್ಟರ್ ಇರುವುದಿಲ್ಲ. ಮೊದಲ ದೂರ ಪ್ರಯಾಣದಲ್ಲಿ ಗಾಡಿ ದಾರಿಯ ಮಧ್ಯೆ ನಿಲ್ಲುವುದು ಬಹುಮಟ್ಟಿಗೆ ಪಟ್ಟಿಯಲ್ಲಿ ಇಲ್ಲದ ಈ ಸಂಗತಿಗಳಿಂದಲೇ.

ಹಳೆಯ ಬೈಕಿನಲ್ಲಿ ಯಾವುದು ಏಕೆ ಹಾಳಾಗುತ್ತದೆ, ಅದನ್ನು ಹೇಗೆ ಕಂಡುಹಿಡಿಯಬೇಕು, ಮೇಲೆ ಏನನ್ನಾದರೂ ಸೇರಿಸುವ ಮುನ್ನ ಯಾವ ಲೆಕ್ಕ ಹಾಕಬೇಕು ಎಂಬುದನ್ನು ಇಲ್ಲಿ ಮೂಲದಿಂದ ವಿವರಿಸಲಾಗಿದೆ.

## ಟೂರಿಂಗ್ ಬೈಕು ಉಳಿದವುಗಳಿಗಿಂತ ಹೇಗೆ ಬೇರೆ

ಇಬ್ಬರನ್ನೂ ಅವರ ಸಾಮಾನನ್ನೂ ಹೊತ್ತು ದಿನವಿಡೀ ಹೆದ್ದಾರಿಯ ವೇಗದಲ್ಲಿ ಓಡುವುದಕ್ಕೆಂದೇ ರೂಪಿಸಿದ ಮೋಟಾರ್‌ಸೈಕಲ್‌ಗೆ ಟೂರಿಂಗ್ ಬೈಕು ಎಂದು ಹೆಸರು. 1974ರಲ್ಲಿ ಹೋಂಡಾ ಪರಿಚಯಿಸಿದ 999 ಸಿಸಿಯ ಗೋಲ್ಡ್ ವಿಂಗ್, ವಿಂಡ್ ಟನಲ್‌ನಲ್ಲಿ ಪರೀಕ್ಷಿಸಿ ರೂಪಿಸಿದ ಪೂರ್ಣ ಫೇರಿಂಗ್ ಹೊತ್ತು 1976ರಲ್ಲಿ ಬಂದ ಬಿಎಂಡಬ್ಲ್ಯು ಆರ್100ಆರ್‌ಎಸ್, 28 ಲೀಟರ್ ಟ್ಯಾಂಕಿನೊಂದಿಗೆ 1990ರಲ್ಲಿ ರಸ್ತೆಗಿಳಿದ ಹೋಂಡಾ ಎಸ್‌ಟಿ1100 ಇವೆಲ್ಲ ಈ ಜಾತಿಯ ಹೆಸರಾಂತ ಗಾಡಿಗಳು. ಫೇರಿಂಗ್ ಎಂದರೆ ಗಾಳಿಯನ್ನು ಸೀಳಲು ಮುಂಭಾಗಕ್ಕೂ ಪಕ್ಕಗಳಿಗೂ ಹೊದಿಸಿದ ಪ್ಲಾಸ್ಟಿಕ್ ಕವಚ.

ಆರೈಕೆಯ ದೃಷ್ಟಿಯಿಂದ ಈ ಕವಚವೇ ದೊಡ್ಡ ತೊಡಕು. ಬರಿಮೈ ಬೈಕಿನಲ್ಲಿ ಐದು ನಿಮಿಷಕ್ಕೆ ಮುಗಿಯುವ ಸ್ಪಾರ್ಕ್ ಪ್ಲಗ್ ಬದಲಾವಣೆಗೆ ಇಲ್ಲಿ ಹತ್ತಾರು ಸ್ಕ್ರೂಗಳನ್ನು ಬಿಚ್ಚಿ, ಹಳೆಯದಾಗಿ ಪೆಡಸಾದ ಪ್ಲಾಸ್ಟಿಕ್ ಕೊಕ್ಕೆಗಳನ್ನು ಮುರಿಯದಂತೆ ಎಳೆದು, ಕವಚವನ್ನು ಕಳಚಿಡಬೇಕಾಗುತ್ತದೆ. ಹೀಗಾಗಿ ಹಿಂದಿನ ಮಾಲೀಕರು ಕೈಗೆ ಸಿಗುವ ಭಾಗಗಳನ್ನು ಚೆನ್ನಾಗಿ ನೋಡಿಕೊಂಡು, ಕವಚದ ಹಿಂದಿನದನ್ನು ಹಾಗೆಯೇ ಬಿಟ್ಟಿರುವ ಸಾಧ್ಯತೆ ಹೆಚ್ಚು. ಹಳೆಯ ಟೂರಿಂಗ್ ಬೈಕನ್ನು ಕೊಂಡವರು ಮೊದಲ ರಜಾದಿನವನ್ನು ಅದರ ಎಲ್ಲ ಕವಚಗಳನ್ನು ಬಿಚ್ಚಿ ಒಳಗೇನಿದೆ ಎಂದು ನೋಡುವುದಕ್ಕೆ ಮೀಸಲಿಡುವುದು ವ್ಯರ್ಥವಲ್ಲ.

## ಕಿಲೋಮೀಟರಿನ ವಯಸ್ಸು, ಕ್ಯಾಲೆಂಡರಿನ ವಯಸ್ಸು

ಬೈಕಿಗೆ ವಯಸ್ಸಾಗುವುದು ಎರಡು ಬಗೆಯಲ್ಲಿ. ಪಿಸ್ಟನ್ನು, ಗೇರು, ಚೈನು, ಬ್ರೇಕ್ ಪ್ಯಾಡ್ ಮೊದಲಾದವು ಓಡಿದಷ್ಟೂ ಸವೆಯುತ್ತವೆ. ಇವುಗಳ ವಯಸ್ಸನ್ನು ಓಡೋಮೀಟರ್ ಹೇಳುತ್ತದೆ. ರಬ್ಬರು, ದ್ರವಗಳು, ವಿದ್ಯುತ್ ಸಂಪರ್ಕಗಳು ನಿಂತಲ್ಲೇ ಹಾಳಾಗುತ್ತವೆ. ಇವುಗಳ ವಯಸ್ಸನ್ನು ಕ್ಯಾಲೆಂಡರ್ ಮಾತ್ರ ಹೇಳಬಲ್ಲದು. ಬೀಗ ಹಾಕಿಟ್ಟ ಮನೆಯಲ್ಲಿ ಯಾರೂ ವಾಸವಿಲ್ಲದಿದ್ದರೂ ನಲ್ಲಿಯ ವಾಷರ್ ಒಣಗಿ ಬಿರಿಯುತ್ತದೆ, ಬಾಗಿಲಿನ ತಿರುಗಣಿ ತುಕ್ಕು ಹಿಡಿಯುತ್ತದೆ. ಮನೆಯ ಮಾತು ಬೈಕಿಗೂ ಸಲ್ಲುತ್ತದೆ.

ಕಡಿಮೆ ಓಡಿದ ಹಳೆಯ ಗಾಡಿ ಎಂಬ ಮಾತು ಕೇಳಿ ಹಿಗ್ಗುವವರು ಮರೆಯುವ ವಿಷಯವಿದು. ಹದಿನೈದು ವರ್ಷ ಶೆಡ್ಡಿನಲ್ಲಿ ನಿಂತ ಬೈಕಿಗಿಂತ, ಪ್ರತಿವರ್ಷ ಎಂಟು ಸಾವಿರ ಕಿಲೋಮೀಟರ್ ಓಡಿ ಪ್ರತಿವರ್ಷ ಆಯಿಲ್ ಬದಲಾಯಿಸಿಕೊಂಡ ಬೈಕು ದೂರ ಪ್ರಯಾಣಕ್ಕೆ ಬೇಗ ಸಿದ್ಧವಾಗುತ್ತದೆ, ಖರ್ಚೂ ಕಡಿಮೆ ಕೇಳುತ್ತದೆ.

ಟಯರನ್ನೇ ನೋಡಬಹುದು. ಅದರ ಪಕ್ಕದ ಗೋಡೆಯಲ್ಲಿ ಡಾಟ್ ಎಂಬ ಅಕ್ಷರಗಳಿಂದ ಆರಂಭವಾಗುವ ಒಂದು ಸಾಲು ಇರುತ್ತದೆ, ಅದರ ತುದಿಯಲ್ಲಿ ಉದ್ದವೃತ್ತದೊಳಗೆ ನಾಲ್ಕು ಅಂಕಿಗಳಿರುತ್ತವೆ. ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುತ್ತವೆ. 2318 ಎಂದಿದ್ದರೆ ಆ ಟಯರು 2018ರ 23ನೆಯ ವಾರದಲ್ಲಿ ತಯಾರಾದುದು. ಅಲ್ಲಿ ಮೂರೇ ಅಂಕಿಗಳಿದ್ದರೆ ಟಯರು 2000ಕ್ಕಿಂತ ಹಿಂದಿನದು, ಅದರ ಮೇಲೆ ಕೂತು ಮನೆಯ ಬೀದಿಯನ್ನೂ ದಾಟಬಾರದು. ಗಾಳಿಯ ಆಮ್ಲಜನಕ ಮತ್ತು ಬಿಸಿಲು ಸೇರಿ ರಬ್ಬರನ್ನು ವರ್ಷ ಕಳೆದಂತೆ ಪೆಡಸುಗೊಳಿಸುತ್ತವೆ. ಗೆರೆಗಳ ಆಳ ಹೊಸದರಷ್ಟೇ ಉಳಿದಿದ್ದರೂ ಒದ್ದೆ ರಸ್ತೆಯಲ್ಲಿ ಅದು ಹಿಡಿತ ಕೊಡುವುದಿಲ್ಲ. ಐದು ವರ್ಷ ದಾಟಿದ ಟಯರನ್ನು ಪ್ರತಿವರ್ಷ ತಪಾಸಣೆ ಮಾಡಿಸಬೇಕು, ಹತ್ತು ವರ್ಷ ದಾಟಿದ್ದನ್ನು ನೋಡಲು ಎಷ್ಟೇ ಚೆನ್ನಾಗಿದ್ದರೂ ತೆಗೆಯಬೇಕು ಎಂಬುದು ಟಯರ್ ತಯಾರಕರಲ್ಲಿ ಹಲವರು ಕೊಡುವ ಸಲಹೆ.

ಪೆಟ್ರೋಲ್ ಪೈಪು, ಕಾರ್ಬೊರೇಟರನ್ನು ಎಂಜಿನ್ನಿಗೆ ಜೋಡಿಸುವ ರಬ್ಬರ್ ತುಂಡುಗಳು, ರೇಡಿಯೇಟರ್ ಹೋಸ್, ಮುಂಚಕ್ರವನ್ನು ಹಿಡಿದಿರುವ ಫೋರ್ಕಿನ ಆಯಿಲ್ ಸೀಲು ಇವೆಲ್ಲವೂ ಇದೇ ಲೆಕ್ಕಕ್ಕೆ ಬರುತ್ತವೆ. ಬೆರಳಿನಿಂದ ಬಾಗಿಸಿ ನೋಡಿದಾಗ ಹೊರಮೈಯಲ್ಲಿ ಸಣ್ಣ ಬಿರುಕುಗಳು ಬಾಯಿ ತೆರೆದರೆ ಬದಲಾಯಿಸುವ ಕಾಲ ಬಂದಿದೆ ಎಂದರ್ಥ.

## ಬ್ರೇಕ್ ದ್ರವ ನೀರು ಕುಡಿಯುತ್ತದೆ

ಬ್ರೇಕ್ ಲೀವರ್ ಅದುಮಿದಾಗ ಕೈಯ ಬಲವನ್ನು ಚಕ್ರದ ಬಳಿ ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿಗೆ ಒಯ್ಯುವುದು ಒಂದು ದ್ರವ. ದ್ರವವನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಆದ್ದರಿಂದ ಇಲ್ಲಿ ಒತ್ತಿದ ಬಲ ಅಲ್ಲಿ ಹಾಗೆಯೇ ಸಿಗುತ್ತದೆ. ಆವಿ ಮಾತ್ರ ಸುಲಭವಾಗಿ ಕುಗ್ಗುತ್ತದೆ. ದ್ರವ ಕುದಿದು ಆವಿಯ ಗುಳ್ಳೆ ಹುಟ್ಟಿತೆಂದರೆ ಲೀವರ್ ಹ್ಯಾಂಡಲ್‌ಗೆ ತಾಗುವವರೆಗೆ ಒತ್ತಿದರೂ ಚಕ್ರ ನಿಲ್ಲುವುದಿಲ್ಲ.

ಸಾಮಾನ್ಯ ಬ್ರೇಕ್ ದ್ರವ ಗ್ಲೈಕಾಲ್ ಮೂಲದ್ದು, ತೆರೆದಿಟ್ಟ ಉಪ್ಪು ನೀರೂರುವಂತೆ ಅದೂ ಗಾಳಿಯ ತೇವವನ್ನು ಹೀರುತ್ತದೆ. ಮುಚ್ಚಳ ಬಿಗಿಯಾಗಿದ್ದರೂ ರಬ್ಬರ್ ಹೋಸಿನ ಗೋಡೆಯ ಮೂಲಕ ತೇವ ನಿಧಾನವಾಗಿ ಒಳಬರುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ, ಅದರಲ್ಲಿ ಶೇ. 3.7ರಷ್ಟು ನೀರು ಸೇರಿದಾಗ ಈ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ತುಂಬಿದ ಪೆಟ್ಟಿಗೆಗಳೊಂದಿಗೆ ಘಟ್ಟ ಇಳಿಯುವ ಮುನ್ನೂರು ಕಿಲೋ ತೂಕದ ಬೈಕಿಗೆ ಈ 75 ಡಿಗ್ರಿಯ ವ್ಯತ್ಯಾಸ ತುಂಬ ದೊಡ್ಡದು. ಎರಡು ವರ್ಷಕ್ಕೊಮ್ಮೆ ದ್ರವ ಬದಲಾಯಿಸಿ ಎಂದು ಸರ್ವೀಸ್ ಕೈಪಿಡಿಗಳು ಹೇಳುವುದು ಈ ಕಾರಣಕ್ಕೆ. ಹೊಸ ದ್ರವ ತಿಳಿ ಹಳದಿ, ಹಳತು ಕಡು ಕಂದು. ಡಾಟ್ 5 ಎಂಬುದು ಹೆಸರಿನಲ್ಲಿ ಮುಂದಿನ ದರ್ಜೆಯಂತೆ ಕಂಡರೂ ಅದು ಸಿಲಿಕೋನ್ ಮೂಲದ ಬೇರೆಯೇ ದ್ರವ, ಉಳಿದವುಗಳೊಂದಿಗೆ ಬೆರೆಸುವಂತಿಲ್ಲ, ಡಾಟ್ 5.1 ಮಾತ್ರ ಮತ್ತೆ ಗ್ಲೈಕಾಲ್ ಕುಲಕ್ಕೇ ಸೇರಿದ್ದು. ಈ ಹೆಸರಿಟ್ಟವರು ಓದುಗರ ಮೇಲೆ ಕನಿಕರ ತೋರಲಿಲ್ಲ ಎನ್ನಬೇಕು.

ಹಳೆಯ ರಬ್ಬರ್ ಹೋಸ್‌ಗಳು ಒತ್ತಡಕ್ಕೆ ಸ್ವಲ್ಪ ಉಬ್ಬುತ್ತವೆ, ಅದರಿಂದ ಲೀವರ್ ಸ್ಪಂಜಿನಂತೆ ಮೆತ್ತಗಾಗುತ್ತದೆ. ಅವುಗಳ ಬದಲು ಉಕ್ಕಿನ ಹೆಣಿಗೆಯ ಹೋಸ್ ಹಾಕಿಸುವುದು ಆರೈಕೆಯೂ ಹೌದು, ಮಾರ್ಪಾಡೂ ಹೌದು. ಹಳೆಯ ಬೈಕಿಗೆ ಮಾಡಿಸಬಹುದಾದ ಬದಲಾವಣೆಗಳಲ್ಲಿ ಕೊಟ್ಟ ಹಣಕ್ಕೆ ಇಷ್ಟು ಸ್ಪಷ್ಟವಾದ ಫಲ ಕೊಡುವುದು ಹೆಚ್ಚಿಲ್ಲ.

## ಎಂಜಿನ್: ಸದ್ದಿಲ್ಲದ ವಾಲ್ವು, ಸೂಜಿಮೊನೆಯ ರಂಧ್ರ

ಎಂಜಿನ್ನಿನೊಳಗೆ ಪೆಟ್ರೋಲ್ ಮಿಶ್ರಣ ಬರುವುದಕ್ಕೂ ಹೊಗೆ ಹೋಗುವುದಕ್ಕೂ ಇರುವ ಬಾಗಿಲುಗಳೇ ವಾಲ್ವುಗಳು. ಬಾಗಿಲು ಪೂರ್ತಿ ಮುಚ್ಚಿಕೊಳ್ಳಲೆಂದು ಅದರ ತುದಿಗೂ ಅದನ್ನು ತಳ್ಳುವ ಭಾಗಕ್ಕೂ ನಡುವೆ ಒಂದು ಸಣ್ಣ ಅಂತರ ಬಿಟ್ಟಿರುತ್ತಾರೆ. ಮೆಕ್ಯಾನಿಕ್‌ಗಳು ಟ್ಯಾಪೆಟ್ ಸೆಟ್ಟಿಂಗ್ ಎನ್ನುವುದು ಇದನ್ನೇ. ಇದು ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಿಂದ ಕಾಲುಭಾಗದವರೆಗೆ, ಅಂದರೆ ಒಂದೆರಡು ಹಾಳೆ ಕಾಗದದಷ್ಟು. ಅಂತರ ಹೆಚ್ಚಾದರೆ ಟಕಟಕ ಸದ್ದು ಬರುತ್ತದೆ, ಮಾಲೀಕರು ಹೆದರಿ ಗಾಡಿಯನ್ನು ಗ್ಯಾರೇಜಿಗೆ ಒಯ್ಯುತ್ತಾರೆ. ಆದರೆ ವಾಲ್ವು ಕೂರುವ ಪೀಠ ಸವೆಯುತ್ತಾ ಬಂದಂತೆ ಅಂತರ ಹಲವು ಎಂಜಿನ್‌ಗಳಲ್ಲಿ ಕಡಿಮೆಯಾಗುತ್ತದೆ, ಆಗ ಸದ್ದು ನಿಂತು ಎಂಜಿನ್ ಮೊದಲಿಗಿಂತ ನಯವಾಗಿ ಕೇಳಿಸುತ್ತದೆ. ಅಪಾಯವಿರುವುದು ಈ ನಯದಲ್ಲಿ. ಹೊಗೆಯ ದಾರಿಯಲ್ಲಿರುವ ವಾಲ್ವು ತನ್ನ ಕಾವನ್ನು ಬಿಟ್ಟುಕೊಡುವುದು ಮುಖ್ಯವಾಗಿ ಪೀಠಕ್ಕೆ ಒತ್ತಿ ಕೂತ ಕ್ಷಣಗಳಲ್ಲಿ. ಪೂರ್ತಿ ಕೂರದ ವಾಲ್ವಿಗೆ ಕಾವಿಳಿಸುವ ದಾರಿಯಿಲ್ಲ, ಅದರ ಅಂಚು ಸುಟ್ಟುಹೋಗುತ್ತದೆ. ಆದ್ದರಿಂದ ಟ್ಯಾಪೆಟ್ ಅಳತೆಯನ್ನು ಕಿವಿಯಿಂದ ತೀರ್ಮಾನಿಸದೆ, ಕೈಪಿಡಿ ಹೇಳಿದ ದೂರಕ್ಕೊಮ್ಮೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಹಾಕಿಯೇ ನೋಡಬೇಕು.

ವಾಲ್ವುಗಳನ್ನು ನಡೆಸುವ ಕ್ಯಾಮ್ ಶಾಫ್ಟಿಗೆ ಕೆಲವು ಗಾಡಿಗಳಲ್ಲಿ ಚೈನಿನ ಬದಲು ಹಲ್ಲುಳ್ಳ ರಬ್ಬರ್ ಬೆಲ್ಟ್ ಇರುತ್ತದೆ. ನಾಲ್ಕು ಸಿಲಿಂಡರಿನ ಗೋಲ್ಡ್ ವಿಂಗ್‌ಗಳಲ್ಲಿ ಇಂಥವು ಎರಡು. ಬೆಲ್ಟ್ ತುಂಡಾದರೆ ಪಿಸ್ಟನ್ ಬಂದು ತೆರೆದ ವಾಲ್ವಿಗೆ ಬಡಿದು ಅದನ್ನು ಬಾಗಿಸುತ್ತದೆ, ಅಲ್ಲಿಗೆ ಎಂಜಿನ್ ಬಿಚ್ಚುವ ಕೆಲಸ. ಹಿಂದಿನ ಬೆಲ್ಟ್ ಯಾವಾಗ ಬದಲಾಯಿತೆಂದು ದಾಖಲೆಯಿಲ್ಲದಿದ್ದರೆ ಬದಲಾಗಿಲ್ಲ ಎಂದೇ ತಿಳಿದು ಹೊಸದನ್ನು ಹಾಕುವುದು ಅಗ್ಗ.

ಕಾರ್ಬೊರೇಟರ್ ಇರುವ ಬೈಕಿನ ಅತಿ ಸಾಮಾನ್ಯ ತೊಂದರೆ ನಿಂತ ಪೆಟ್ರೋಲಿನದು. ಪೆಟ್ರೋಲು ಆರಿದಾಗ ಅಂಟಿನಂಥ ಪದರ ಉಳಿಯುತ್ತದೆ. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಪೆಟ್ರೋಲ್ ಬರುವ ಪೈಲಟ್ ಜೆಟ್‌ನ ರಂಧ್ರ ಹಲವು ಗಾಡಿಗಳಲ್ಲಿ ಅರ್ಧ ಮಿಲಿಮೀಟರಿಗಿಂತಲೂ ಚಿಕ್ಕದು, ಮೊದಲು ಮುಚ್ಚಿಕೊಳ್ಳುವುದು ಅದೇ. ಚೋಕ್ ಎಳೆದಾಗ ಓಡಿ, ಚೋಕ್ ತಳ್ಳಿದೊಡನೆ ನಿಂತುಹೋಗುವ ಬೈಕಿನಲ್ಲಿ ಮೊದಲು ಅನುಮಾನಿಸಬೇಕಾದದ್ದು ಈ ರಂಧ್ರವನ್ನು. ತಂತಿ ತೂರಿಸಿ ಚುಚ್ಚಿದರೆ ರಂಧ್ರ ದೊಡ್ಡದಾಗಿ ಇನ್ನೊಂದು ತೊಂದರೆ ಹುಟ್ಟುತ್ತದೆ. ಕ್ಲೀನರಿನಲ್ಲಿ ನೆನೆಸಿ ಗಾಳಿ ಹೊಡೆಯುವುದು ಸರಿಯಾದ ಕ್ರಮ. ನಾಲ್ಕು ಕಾರ್ಬೊರೇಟರ್‌ಗಳಿದ್ದಲ್ಲಿ ಅವೆಲ್ಲ ಒಂದೇ ಪ್ರಮಾಣದಲ್ಲಿ ಗಾಳಿ ಎಳೆಯುವಂತೆ ವ್ಯಾಕ್ಯೂಮ್ ಗೇಜ್ ಇಟ್ಟು ಹೊಂದಿಸಬೇಕು. ನಾಲ್ವರು ಮಂಚ ಹೊತ್ತು ಸಾಗುವಾಗ ಒಬ್ಬರ ಹೆಜ್ಜೆ ಹಿಂದೆ ಬಿದ್ದರೆ ಮಂಚ ಹೇಗೆ ಕುಲುಕುತ್ತದೆಯೋ, ಹೊಂದಿಕೆ ತಪ್ಪಿದ ಎಂಜಿನ್ ಹಾಗೆ ನಡುಗುತ್ತದೆ.

ಆಯಿಲ್ ಬಗ್ಗೆ ಒಂದೇ ಮಾತು ಸಾಕು. ಹೆಚ್ಚಿನ ಬೈಕುಗಳಲ್ಲಿ ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲ್‌ನಲ್ಲಿಯೇ ಮುಳುಗಿರುತ್ತವೆ, ಆದ್ದರಿಂದ ಡಬ್ಬದ ಮೇಲೆ ಜಾಸೋ ಎಂಎ ಅಥವಾ ಎಂಎ2 ಎಂದು ಬರೆದಿರುವ ಆಯಿಲ್ ಬೇಕು. ಘರ್ಷಣೆ ಇಳಿಸುವ ರಾಸಾಯನಿಕಗಳಿರುವ ಕೆಲವು ಕಾರ್ ಆಯಿಲ್‌ಗಳು ಕ್ಲಚ್ಚನ್ನು ಜಾರಿಸುತ್ತವೆ.

## ಶಾಫ್ಟ್ ಇದ್ದರೆ ಕೆಲಸವಿಲ್ಲವೇ?

ಅನೇಕ ಟೂರಿಂಗ್ ಬೈಕುಗಳಲ್ಲಿ ಹಿಂಚಕ್ರಕ್ಕೆ ಶಕ್ತಿ ಒಯ್ಯಲು ಚೈನಿನ ಬದಲು ಉಕ್ಕಿನ ಶಾಫ್ಟ್ ಇರುತ್ತದೆ. ಚೈನಿಗೆ ಬೇಕಾದ ದಿನನಿತ್ಯದ ಎಣ್ಣೆ, ಬಿಗಿ ಸರಿಪಡಿಸುವ ಕೆಲಸ ಇದಕ್ಕಿಲ್ಲ, ಹಾಗಾಗಿ ಏನನ್ನೂ ಮಾಡಬೇಕಾಗಿಲ್ಲ ಎಂಬ ನಂಬಿಕೆ ಬೆಳೆದಿದೆ. ಶಾಫ್ಟಿನ ತುದಿಯಲ್ಲಿಯೂ ಚಕ್ರ ಕೂರುವಲ್ಲಿಯೂ ಸ್ಪ್ಲೈನ್ ಎಂಬ ಹಲ್ಲುಗಳಿರುತ್ತವೆ, ಒಂದರ ಹಲ್ಲು ಇನ್ನೊಂದರ ಸಂದಿಗೆ ಕೂತು ಜೊತೆಯಲ್ಲಿ ತಿರುಗುತ್ತದೆ. ಗ್ರೀಸ್ ಒಣಗಿದ ಮೇಲೆ ಹಲ್ಲುಗಳು ಪ್ರತಿ ಸಲ ಆಕ್ಸಿಲರೇಟರ್ ತಿರುಗಿಸಿದಾಗಲೂ ಒಂದನ್ನೊಂದು ಉಜ್ಜುತ್ತವೆ. ಹಿಂಚಕ್ರ ಕಳಚಿದಾಗ ಅಲ್ಲಿ ಕುಂಕುಮದಂಥ ನುಣುಪಾದ ಕೆಂಪು ಪುಡಿ ಕಂಡರೆ ಅದು ಉಕ್ಕು ತೇಯ್ದು ಬಂದ ತುಕ್ಕು. ಹಲ್ಲಿನ ತಲೆ ಚಪ್ಪಟೆಯಾಗಿದ್ದರೆ ಇನ್ನೂ ಬಾಳುತ್ತದೆ. ಗರಗಸದ ಹಲ್ಲಿನಂತೆ ಚೂಪಾಗಿದ್ದರೆ ಬದಲಾಯಿಸದೆ ದೂರ ಹೋಗುವಂತಿಲ್ಲ. ಟಯರ್ ಬದಲಿಸಲು ಚಕ್ರ ಬಿಚ್ಚಿದಾಗಲೆಲ್ಲ ಈ ಹಲ್ಲುಗಳನ್ನು ಒರೆಸಿ, ತಯಾರಕರು ಹೇಳಿದ ಮಾಲಿಬ್ಡಿನಂ ಪೇಸ್ಟ್ ಹಚ್ಚಬೇಕು. ಹತ್ತು ನಿಮಿಷದ ಕೆಲಸವಿದು, ಆದರೆ ಟಯರ್ ಅಂಗಡಿಯವರು ಅದನ್ನು ತಾವಾಗಿ ಮಾಡಿಕೊಡುತ್ತಾರೆ ಎಂದು ನೆಚ್ಚಿಕೊಳ್ಳಬಾರದು.

## ಮೂರು ಹಳದಿ ತಂತಿಗಳು

ಹಳೆಯ ಜಪಾನಿ ಬೈಕುಗಳ ವಿದ್ಯುತ್ ವ್ಯವಸ್ಥೆಯನ್ನು ಅರಿಯಲು ಎಂಜಿನ್ನಿನಿಂದ ಹೊರಬರುವ ಮೂರು ಹಳದಿ ತಂತಿಗಳಿಂದ ಆರಂಭಿಸುವುದು ಒಳ್ಳೆಯದು. ಎಂಜಿನ್ನಿನೊಳಗೆ ಆಯಸ್ಕಾಂತ ತಿರುಗುತ್ತದೆ, ಅದರ ಪಕ್ಕದಲ್ಲಿ ಅಲುಗಾಡದೆ ಕೂತ ತಾಮ್ರದ ಸುರುಳಿಗಳಲ್ಲಿ ವಿದ್ಯುತ್ ಹುಟ್ಟುತ್ತದೆ. ಈ ಸುರುಳಿಗಳ ಗುಂಪಿಗೆ ಸ್ಟೇಟರ್ ಎಂದು ಹೆಸರು. ಹಳದಿ ತಂತಿಗಳು ಬರುವುದು ಅಲ್ಲಿಂದ. ಆ ವಿದ್ಯುತ್ತನ್ನು ಒಂದೇ ದಿಕ್ಕಿಗೆ ತಿರುಗಿಸಿ, ಹೆಚ್ಚಾದದ್ದನ್ನು ತಡೆದು ಬ್ಯಾಟರಿಗೆ ಕೊಡುವ ಪೆಟ್ಟಿಗೆ ರೆಗ್ಯುಲೇಟರ್ ರೆಕ್ಟಿಫಯರ್.

ಹಳೆಯ ರೆಗ್ಯುಲೇಟರ್‌ಗಳಲ್ಲಿ ಹೆಚ್ಚಿನವು ಷಂಟ್ ಎಂಬ ಬಗೆಯವು. ಬೇಡವಾದ ವಿದ್ಯುತ್ತನ್ನು ಇವು ಸುರುಳಿಗೇ ತಿರುಗಿಸಿ ಬಿಸಿಯಾಗಿ ಕಳೆಯುತ್ತವೆ. ನಲ್ಲಿಯನ್ನು ಸದಾ ಪೂರ್ತಿ ತೆರೆದಿಟ್ಟು, ಬೇಕಾದಷ್ಟು ಹಿಡಿದುಕೊಂಡು ಉಳಿದದ್ದನ್ನು ಚರಂಡಿಗೆ ಬಿಟ್ಟ ಹಾಗೆ. ದೀಪ ಉರಿಯಲಿ, ಬಿಡಲಿ, ಸ್ಟೇಟರ್ ಯಾವಾಗಲೂ ತನ್ನ ಪೂರ್ಣ ಭಾರದಲ್ಲಿಯೇ ದುಡಿಯುತ್ತಿರುತ್ತದೆ. ಆ ವಿದ್ಯುತ್ತೆಲ್ಲ ಹಾದುಹೋಗುವ ಇಕ್ಕಟ್ಟಿನ ಜಾಗವೆಂದರೆ ಹಳದಿ ತಂತಿಗಳ ಪ್ಲಾಸ್ಟಿಕ್ ಕನೆಕ್ಟರ್. ತೇವದಿಂದ ಅದರೊಳಗಿನ ಪಿನ್ನುಗಳು ಹಸಿರುಗಟ್ಟಿದರೆ ಪ್ರತಿರೋಧ ಹೆಚ್ಚುತ್ತದೆ, ಪ್ರತಿರೋಧದಿಂದ ಕಾವು ಏರುತ್ತದೆ, ಕಾವಿನಿಂದ ಪಿನ್ನಿನ ಹಿಡಿತ ಸಡಿಲವಾಗಿ ಪ್ರತಿರೋಧ ಇನ್ನಷ್ಟು ಬೆಳೆಯುತ್ತದೆ. ಕನೆಕ್ಟರನ್ನು ಬಿಚ್ಚಿ ನೋಡಿದರೆ ಬಿಳಿಯ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ, ಒಂದು ಮೂಲೆ ಕರಗಿ ಅಂಟಿಕೊಂಡಿರುವುದು ಅಪರೂಪದ ನೋಟವಲ್ಲ. ನಾಲ್ಕು ಸಿಲಿಂಡರಿನ ಗೋಲ್ಡ್ ವಿಂಗ್‌ಗಳಲ್ಲಿ ಸ್ಟೇಟರ್ ಎಂಜಿನ್ನಿನ ಹಿಂಬದಿಯಲ್ಲಿ ಅಡಗಿರುವುದರಿಂದ ಅದನ್ನು ಬದಲಾಯಿಸಲು ಇಡೀ ಎಂಜಿನ್ನನ್ನೇ ಚೌಕಟ್ಟಿನಿಂದ ಇಳಿಸಬೇಕು; ಆ ಶ್ರಮಕ್ಕಿಂತ ಮೇಲೆಂದು ಎಂಜಿನ್ನಿನ ಮುಂದೆ ಕಾರಿನ ಸಣ್ಣ ಆಲ್ಟರ್ನೇಟರನ್ನು ಬೆಲ್ಟಿನಿಂದ ಜೋಡಿಸಿಕೊಂಡವರೂ ಇದ್ದಾರೆ.

ಪರೀಕ್ಷೆಗೆ ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಬೈಕಿನ ಚೆನ್ನಾಗಿರುವ ಬ್ಯಾಟರಿ 12.6ರಿಂದ 12.8 ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡಿಸಿ ಆಕ್ಸಿಲರೇಟರ್ ತಿರುಗಿಸಿದಾಗ ಅದು ಸುಮಾರು 14 ವೋಲ್ಟ್‌ಗೆ ಏರಬೇಕು. ಏರದಿದ್ದರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟು ಬ್ಯಾಟರಿಯನ್ನು ಬೇಯಿಸುತ್ತಿದೆ. ಚಾರ್ಜ್ ಆಗದಿದ್ದರೆ ಹಳದಿ ತಂತಿಗಳನ್ನು ಬಿಡಿಸಿ, ಯಾವುದಾದರೊಂದು ತಂತಿಗೂ ಎಂಜಿನ್ನಿನ ಲೋಹಕ್ಕೂ ನಡುವೆ ಸಂಪರ್ಕವಿದೆಯೇ ನೋಡಬೇಕು. ಇದ್ದರೆ ಸುರುಳಿಯ ಹೊದಿಕೆ ಸುಟ್ಟಿದೆ. ಇಲ್ಲದಿದ್ದರೆ ಎಂಜಿನ್ ಓಡಿಸಿ, ಎರಡೆರಡು ತಂತಿಗಳ ನಡುವಿನ ಎಸಿ ವೋಲ್ಟೇಜ್ ಮೂರು ಜೋಡಿಗಳಲ್ಲಿಯೂ ಸಮನಾಗಿದೆಯೇ ಎಂದು ನೋಡಬೇಕು; ಸಮನಾಗಿದ್ದರೆ ಸ್ಟೇಟರ್ ಸರಿಯಿದೆ, ತಪ್ಪು ಮುಂದಿನ ಪೆಟ್ಟಿಗೆಯಲ್ಲೋ ತಂತಿಯಲ್ಲೋ ಇದೆ. ಈ ಕ್ರಮ ತಪ್ಪಿಸಿ ಬ್ಯಾಟರಿಯ ಮೇಲೆ ಬ್ಯಾಟರಿ ಕೊಂಡವರು ಬಹಳ.

## ಸೇರಿಸುವ ಮುನ್ನ ವಿದ್ಯುತ್ತಿನ ಲೆಕ್ಕ

ಆಲ್ಟರ್ನೇಟರ್ ಕೊಡುವ ಶಕ್ತಿ ಸಂಬಳವಿದ್ದಂತೆ, ಬ್ಯಾಟರಿ ಉಳಿತಾಯದಂತೆ. 300 ವಾಟ್ ಕೊಡುವ ಆಲ್ಟರ್ನೇಟರಿನಲ್ಲಿ ಹೆಡ್‌ಲೈಟ್, ಇಗ್ನಿಷನ್, ಫ್ಯಾನ್, ಮೀಟರ್‌ಗಳಿಗೆ 200 ವಾಟ್ ಹೋಗುತ್ತದೆ ಎಂದಿಟ್ಟುಕೊಂಡರೆ ಉಳಿಯುವುದು 100. ತಲಾ 55 ವಾಟ್‌ನ ಎರಡು ಹ್ಯಾಲೊಜನ್ ದೀಪ ಸೇರಿಸಿದರೆ 110 ವಾಟ್ ಬೇಕು. ಅದಕ್ಕೆ 35 ವಾಟ್‌ನ ಬಿಸಿ ಹಿಡಿಕೆ ಸೇರಿದರೆ 145. ತಲಾ 20 ವಾಟ್‌ನ ಎಲ್‌ಇಡಿ ದೀಪಗಳಾದರೆ ಹಿಡಿಕೆಯೂ ಸೇರಿ 75ಕ್ಕೆ ಮುಗಿಯುತ್ತದೆ. ತಯಾರಕರು ಹೇಳುವ ವಾಟ್ ಎಂಜಿನ್ ವೇಗವಾಗಿ ತಿರುಗುವಾಗಿನದು. ವಾಹನದಟ್ಟಣೆಯಲ್ಲಿ ಐಡ್ಲಿಂಗ್‌ನಲ್ಲಿ ನಿಂತಾಗ ಅದರಲ್ಲಿ ದೊಡ್ಡ ಪಾಲು ಇರುವುದಿಲ್ಲ, ಆ ಹೊತ್ತಿನಲ್ಲಿ ಉಳಿತಾಯ ಕರಗುತ್ತದೆ.

ಹೆಡ್‌ಲೈಟ್ ಮಂಕಾಗಿದೆ ಎಂದು ಹೆಚ್ಚುವರಿ ದೀಪ ಕೊಳ್ಳುವವರು ಮೊದಲು ಬಲ್ಬಿನ ತುದಿಯಲ್ಲಿ ವೋಲ್ಟೇಜ್ ಅಳೆಯಬೇಕು. ಹಳೆಯ ಬೈಕುಗಳಲ್ಲಿ ದೀಪದ ವಿದ್ಯುತ್ತೆಲ್ಲ ಹ್ಯಾಂಡಲ್‌ನ ಸಣ್ಣ ಸ್ವಿಚ್ಚು, ತೆಳು ತಂತಿ, ನಾಲ್ಕಾರು ಕನೆಕ್ಟರುಗಳನ್ನು ದಾಟಿ ಬರುತ್ತದೆ, ದಾರಿಯಲ್ಲಿ ಒಂದು ವೋಲ್ಟಿಗೂ ಹೆಚ್ಚು ಸೋರಿಹೋಗುವುದುಂಟು. ಹ್ಯಾಲೊಜನ್ ಬಲ್ಬಿಗೆ ವೋಲ್ಟೇಜ್ ಶೇ. 10ರಷ್ಟು ಕಡಿಮೆಯಾದರೆ ಬೆಳಕು ಸುಮಾರು ಶೇ. 30ರಷ್ಟು ಇಳಿಯುತ್ತದೆ. ಬ್ಯಾಟರಿಯಿಂದ ನೇರವಾಗಿ ದಪ್ಪ ತಂತಿ ಎಳೆದು, ಹಳೆಯ ಸ್ವಿಚ್ಚಿನಿಂದ ಒಂದು ರಿಲೇಯನ್ನು ಮಾತ್ರ ಚಾಲೂ ಮಾಡಿದರೆ ಕಳೆದುಹೋದ ಬೆಳಕು ಮರಳುತ್ತದೆ. ರಿಲೇ ಎಂದರೆ ಸಣ್ಣ ವಿದ್ಯುತ್ತಿನಿಂದ ದೊಡ್ಡ ವಿದ್ಯುತ್ತನ್ನು ಆಳುವ ಸ್ವಿಚ್ಚು. ಹೊಸದಾಗಿ ಎಳೆದ ಪ್ರತಿ ತಂತಿಗೂ ಫ್ಯೂಸ್ ಬೇಕು, ಅದು ಬ್ಯಾಟರಿಯ ಪಕ್ಕದಲ್ಲೇ ಇರಬೇಕು. ದೀಪದ ಬಳಿ ಫ್ಯೂಸ್ ಇಟ್ಟರೆ ನಡುವೆ ಎಲ್ಲಾದರೂ ತಂತಿ ಉಜ್ಜಿ ಚೌಕಟ್ಟಿಗೆ ತಾಗಿದಾಗ ಅದು ಕಾಯುವುದಿಲ್ಲ.

## ತೂಕದ ಲೆಕ್ಕ, ಪೆಟ್ಟಿಗೆಯ ಜಾಗ

ಪ್ರತಿ ಬೈಕಿಗೂ ತಯಾರಕರು ಒಟ್ಟು ತೂಕದ ಮಿತಿ ನಿಗದಿಪಡಿಸಿರುತ್ತಾರೆ. ಅದರಿಂದ ಪೆಟ್ರೋಲ್ ಸಮೇತ ಗಾಡಿಯ ತೂಕ ಕಳೆದರೆ ಹೊರಬಹುದಾದ ಭಾರ ಸಿಗುತ್ತದೆ. ಅದು 190 ಕಿಲೋ ಎನ್ನೋಣ. ಉಡುಪು, ಹೆಲ್ಮೆಟ್ ಸೇರಿ ತಲಾ 75 ಕಿಲೋದ ಇಬ್ಬರು ಕೂತರೆ ಉಳಿದದ್ದು 40. ಲೋಹದ ಮೂರು ಪೆಟ್ಟಿಗೆ ಮತ್ತು ಅವುಗಳ ಸ್ಟ್ಯಾಂಡು ಖಾಲಿಯಿರುವಾಗಲೇ 18 ಕಿಲೋ ತೂಗಿದರೆ ಬಟ್ಟೆಬರೆ, ಸಲಕರಣೆಗಳಿಗೆ ದಕ್ಕುವುದು 22 ಕಿಲೋ ಮಾತ್ರ. ದೊಡ್ಡ ಪೆಟ್ಟಿಗೆ ಕೊಂಡಷ್ಟೂ ಅದರಲ್ಲಿ ತುಂಬಬಹುದಾದ ತೂಕ ಕಡಿಮೆಯಾಗುವ ಈ ವಿಚಿತ್ರವನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಎಷ್ಟು ತೂಕ ಎಂಬುದರಷ್ಟೇ ಎಲ್ಲಿ ತೂಕ ಎಂಬುದೂ ಮುಖ್ಯ. ಹಿಂಚಕ್ರದ ಅಚ್ಚಿಗಿಂತ ಹಿಂದಕ್ಕೆ ಚಾಚಿದ ಟಾಪ್ ಬಾಕ್ಸ್ ಏತದ ಕೋಲಿನಂತೆ ಕೆಲಸ ಮಾಡುತ್ತದೆ. ಎರಡು ಚಕ್ರಗಳ ನಡುವಿನ ದೂರ 1,500 ಮಿಲಿಮೀಟರ್, ಪೆಟ್ಟಿಗೆಯ ಮಧ್ಯಭಾಗ ಅಚ್ಚಿನಿಂದ 300 ಮಿಲಿಮೀಟರ್ ಹಿಂದೆ, ಅದರ ತೂಕ 20 ಕಿಲೋ ಆಗಿದ್ದರೆ ಹಿಂಚಕ್ರದ ಮೇಲೆ 24 ಕಿಲೋ ಬೀಳುತ್ತದೆ, ಮುಂಚಕ್ರದಿಂದ 4 ಕಿಲೋ ಮೇಲೇಳುತ್ತದೆ. ಮುಂಚಕ್ರ ಹಗುರಾದಷ್ಟೂ ವೇಗದಲ್ಲಿ ಹ್ಯಾಂಡಲ್ ತೇಲಿದಂತಾಗಿ ಗಾಡಿ ನಿಧಾನವಾಗಿ ಓಲಾಡತೊಡಗುತ್ತದೆ. ಭಾರದ ವಸ್ತುಗಳು ಪಕ್ಕದ ಪೆಟ್ಟಿಗೆಗಳ ತಳದಲ್ಲಿ, ಸವಾರನ ಕಡೆಗೆ ಇರಲಿ; ಟಾಪ್ ಬಾಕ್ಸಿಗೆ ಮಳೆ ಕೋಟಿನಂಥ ಹಗುರ ವಸ್ತುಗಳು ಸಾಕು.

## ಸ್ಪ್ರಿಂಗು, ಆಯಿಲು ಮತ್ತು ಹ್ಯಾಂಡಲ್‌ನ ಕಚ್ಚು

ಭಾರ ಹೊರುವುದು ಸ್ಪ್ರಿಂಗ್, ಕುಣಿತ ನಿಲ್ಲಿಸುವುದು ಡ್ಯಾಂಪಿಂಗ್. ಉಯ್ಯಾಲೆಯನ್ನು ಒಮ್ಮೆ ತಳ್ಳಿ ಬಿಟ್ಟರೆ ಬಹಳ ಹೊತ್ತು ತೂಗುತ್ತದೆ, ಅದರ ಕಾಲು ನೀರಿನಲ್ಲಿ ಮುಳುಗಿದ್ದರೆ ಬೇಗ ನಿಲ್ಲುತ್ತದೆ. ಫೋರ್ಕಿನಲ್ಲಿ ಆ ನೀರಿನ ಕೆಲಸ ಮಾಡುವುದು ಫೋರ್ಕ್ ಆಯಿಲ್. ಎಂಜಿನ್ ಆಯಿಲ್ ತಪ್ಪದೆ ಬದಲಿಸುವವರೂ ಇದನ್ನು ಮರೆತು, ಹತ್ತು ವರ್ಷದ ಹಿಂದಿನ ಬೂದು ಗಸಿಯ ಮೇಲೆ ಸವಾರಿ ಮಾಡುತ್ತಿರುತ್ತಾರೆ. ಪ್ರಯಾಣಕ್ಕೆ ಸಜ್ಜಾಗಿ ಕೂತಾಗ ಸಸ್ಪೆನ್ಷನ್ ತನ್ನ ಒಟ್ಟು ಚಲನೆಯ ಮೂರರಲ್ಲೊಂದು ಭಾಗ ಕುಸಿಯಬೇಕೆಂಬುದು ರೂಢಿಯ ಅಳತೆ. ಹಿಂದೆ 120 ಮಿಲಿಮೀಟರ್ ಚಲನೆಯಿದ್ದರೆ ಸುಮಾರು 40. ಸ್ಪ್ರಿಂಗನ್ನು ಮೊದಲೇ ಸ್ವಲ್ಪ ಅದುಮಿಡುವ ಪ್ರಿಲೋಡ್ ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ, ಗಾಡಿ ನಿಲ್ಲುವ ಎತ್ತರ ಮಾತ್ರ ಬದಲಾಗುತ್ತದೆ. ಪೂರ್ತಿ ಬಿಗಿ ಮಾಡಿದರೂ ಕುಸಿತ ಹೆಚ್ಚೇ ಇದ್ದರೆ ಆ ಭಾರಕ್ಕೆ ತಕ್ಕ ಬೇರೆ ಸ್ಪ್ರಿಂಗ್ ಬೇಕು.

ಸ್ಟೀರಿಂಗ್ ಬೇರಿಂಗ್ ಪರೀಕ್ಷೆಗೆ ಉಪಕರಣವೇ ಬೇಡ. ನಡುಸ್ಟ್ಯಾಂಡ್ ಹಾಕಿ ಮುಂಚಕ್ರವನ್ನು ನೆಲದಿಂದ ಎತ್ತಿ, ಹ್ಯಾಂಡಲ್ಲನ್ನು ಎರಡು ಬೆರಳಿನಿಂದ ನಿಧಾನವಾಗಿ ತಿರುಗಿಸಿದಾಗ ನಟ್ಟನಡುವೆ ಕಚ್ಚಿನೊಳಗೆ ಬಿದ್ದಂತೆ ತಡೆದರೆ ಬೇರಿಂಗ್ ಹೋಗಿದೆ. ಬೈಕು ಹೆಚ್ಚು ಹೊತ್ತು ನೇರವಾಗಿಯೇ ಓಡುವುದರಿಂದ ರಸ್ತೆಯ ಪ್ರತಿ ಗುಂಡಿಯ ಪೆಟ್ಟೂ ಅದೇ ಜಾಗಕ್ಕೆ ಬಿದ್ದು, ಬೇರಿಂಗಿನ ಉಕ್ಕಿನ ಗುಂಡುಗಳು ತಮ್ಮ ಬಟ್ಟಲಿನಲ್ಲಿ ತಗ್ಗು ಕೊರೆದಿರುತ್ತವೆ. ಬದಲಿಸುವಾಗ ಗುಂಡುಗಳ ಬದಲು ಒಂದು ತುದಿ ಕಿರಿದಾದ ಉರುಳೆಗಳ ಟೇಪರ್ ರೋಲರ್ ಬೇರಿಂಗ್ ಹಾಕಿಸುವುದು ಹಳೆಯ ಟೂರಿಂಗ್ ಬೈಕುಗಳಲ್ಲಿ ವಾಡಿಕೆಯ ಮಾರ್ಪಾಡು.

## ವಿಂಡ್‌ಶೀಲ್ಡ್ ಮತ್ತು ಕೂರುವ ಭಂಗಿ

ಎತ್ತರದ ವಿಂಡ್‌ಶೀಲ್ಡ್ ಹಾಕಿದ ಮೇಲೆ ಹೆಲ್ಮೆಟ್ಟಿನ ಸದ್ದು ಹೆಚ್ಚಾಯಿತೆಂದು ದೂರುವವರಿದ್ದಾರೆ. ಗಾಳಿ ಶೀಲ್ಡ್‌ನ ಮೇಲಂಚನ್ನು ದಾಟುವಾಗ ಹಿಂದೆ ಕಡಿಮೆ ಒತ್ತಡದ ಜಾಗ ಹುಟ್ಟುತ್ತದೆ, ಅದನ್ನು ತುಂಬಲು ಗಾಳಿ ಸುಳಿಯಾಗಿ ಒಳನುಗ್ಗಿ ತಲೆಗೆ ಬಡಿಯುತ್ತದೆ. ಶೀಲ್ಡ್‌ನ ಕೆಳಗೆ ಎರಡು ಬೆರಳಷ್ಟು ಸಂದಿ ಬಿಟ್ಟರೆ ಅಲ್ಲಿಂದ ಬರುವ ಗಾಳಿ ಒತ್ತಡವನ್ನು ಸರಿದೂಗಿಸಿ ಬಡಿತವನ್ನು ಇಳಿಸುತ್ತದೆ. ದೃಷ್ಟಿ ಅಂಚಿನ ಮೇಲಿನಿಂದ ಹಾಯುವಷ್ಟು ಎತ್ತರ ಸಾಕು. ಮಳೆಯ ರಾತ್ರಿಯಲ್ಲಿ ಗೀರು ಬಿದ್ದ ಪ್ಲಾಸ್ಟಿಕ್ಕಿನ ಮೂಲಕ ರಸ್ತೆ ಕಾಣುವುದಿಲ್ಲ.

ಬೆನ್ನುನೋವಿಗೆಂದು ಹ್ಯಾಂಡಲ್ಲನ್ನು ಎತ್ತರಿಸುವ ರೈಸರ್ ಹಾಕಿದರೆ ಬ್ರೇಕ್ ಹೋಸ್, ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್‌ಗಳ ಉದ್ದ ಸಾಲದೆ ಹೋಗಬಹುದು. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಹ್ಯಾಂಡಲ್ಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಬೇಕು. ಎಂಜಿನ್ನಿನ ಸದ್ದು ಏರಿದರೆ ಕೇಬಲ್ ಎಳೆಯಲ್ಪಡುತ್ತಿದೆ ಎಂದರ್ಥ, ಆ ಸ್ಥಿತಿಯಲ್ಲಿ ರಸ್ತೆಗಿಳಿಯುವುದು ಅಪಾಯ.

## ಸ್ಕ್ರೂ ಡ್ರೈವರಿನಿಂದ ಆರಂಭ

ಜಪಾನಿ ಬೈಕುಗಳ ಕೂಡು ಗುರುತಿನ (+) ಸ್ಕ್ರೂಗಳ ತಲೆ ಕಿತ್ತುಹೋಗಿರುವುದಕ್ಕೆ ಬಲದ ಕೊರತೆ ಕಾರಣವಲ್ಲ. ಅವು ಜೆಐಎಸ್ ಎಂಬ ಜಪಾನಿ ಅಳತೆಯವು, ಹಲವುಗಳ ತಲೆಯಲ್ಲಿ ಗುರುತಿಗೆ ಒಂದು ಚುಕ್ಕೆ ಇರುತ್ತದೆ. ಸಾಮಾನ್ಯ ಫಿಲಿಪ್ಸ್ ಸ್ಕ್ರೂ ಡ್ರೈವರ್ ಅವುಗಳಲ್ಲಿ ಪೂರ್ತಿ ಕೂರದೆ ಜಾರಿ ತಲೆಯನ್ನು ಕೊರೆಯುತ್ತದೆ. ಜೆಐಎಸ್ ಸ್ಕ್ರೂ ಡ್ರೈವರ್, ಮಲ್ಟಿಮೀಟರ್, ಬೋಲ್ಟನ್ನು ಅಳತೆಯಷ್ಟೇ ಬಿಗಿಯಾಗಿಸುವ ಟಾರ್ಕ್ ರೆಂಚ್ ಮತ್ತು ಆ ಮಾದರಿಯ ಸರ್ವೀಸ್ ಕೈಪಿಡಿ, ಇಷ್ಟನ್ನು ಮೊದಲ ಪೆಟ್ಟಿಗೆಗಿಂತ ಮುಂಚೆ ಕೊಳ್ಳುವುದು ಸೂಕ್ತ.

ಕೆಲಸದ ಕ್ರಮವೂ ಸರಳ: ನಿಲ್ಲಿಸುವ ಭಾಗಗಳು ಮೊದಲು, ಅಂದರೆ ಬ್ರೇಕ್, ಟಯರ್, ಬೇರಿಂಗ್, ಅನಂತರ ಓಡಿಸುವವು, ಸೇರಿಸುವವು ಕೊನೆಗೆ. ಒಂದು ಸಲಕ್ಕೆ ಒಂದೇ ಮಾರ್ಪಾಡು ಮಾಡಿದರೆ ಹೊಸದಾಗಿ ಹುಟ್ಟಿದ ನಡುಕ ಯಾವುದರಿಂದ ಬಂತೆಂದು ತಿಳಿಯುತ್ತದೆ. ಪ್ರತಿ ಬದಲಾವಣೆಯ ನಂತರ, ಪ್ರಯಾಣದಲ್ಲಿ ಹೊರುವಷ್ಟೇ ಭಾರ ಹೇರಿಕೊಂಡು ನೂರು ಕಿಲೋಮೀಟರ್ ಓಡಿಸಿ ಬಂದು, ಎಂಜಿನ್ ಆರಿದ ಮೇಲೆ ಪೆಟ್ಟಿಗೆಯ ಸ್ಟ್ಯಾಂಡು ಮತ್ತು ಹ್ಯಾಂಡಲ್‌ನ ಬೋಲ್ಟುಗಳಿಗೆ ಮತ್ತೊಮ್ಮೆ ಟಾರ್ಕ್ ರೆಂಚ್ ಇಟ್ಟು ನೋಡಬೇಕು. ಹೊಸ ಬ್ರಾಕೆಟ್‌ನ ಬಣ್ಣ ಬೋಲ್ಟಿನಡಿ ಕುಗ್ಗಿ, ಮೊದಲ ಓಟದ ಕಂಪನಕ್ಕೇ ಕಾಲು ಸುತ್ತು ಸಡಿಲವಾಗಿರುವುದು ಸಾಮಾನ್ಯ.